ಒಂದು ತುಂಡು ಕಡಿಮೆ ಇರುವ ಮನೆ

ದೇವದುರ್ಗ
11 ಫೆಬ್ರುವರಿ 2024

ಮಗಳು ಮೌನೇಶ್ವರಿಗೆ,

ನಿನ್ನ ಅಪ್ಪ ಮಾನಪ್ಪ ಬಡಿಗೇರ ಬರೆಯುವುದು. ಮೊದಲು ಕ್ಷೇಮ ಬರೆಯಬೇಕು ಎಂದು ಗಬ್ಬೂರಿನ ಶಾಲೆಯಲ್ಲಿ ಮಾಸ್ತರರು ಹೊಡೆದು ಕಲಿಸಿದ್ದರು. ಬರೆಯಲು ಕ್ಷೇಮ ಉಳಿದಿಲ್ಲ. ನಿಮ್ಮವ್ವ ಹೋದಳು. ಸಂಕ್ರಾಂತಿ ಮುಗಿದ ವಾರದಲ್ಲಿ ಹೋದಳು. ಮಣ್ಣು, ದಿನ, ಎಲ್ಲ ಮುಗಿದವು.

ಫೋನು ಮಾಡಬಾರದಿತ್ತೇ ಎಂದು ನೀನು ಕೇಳುತ್ತಿ. ಸಾಮಿಲ್ಲಿನ ಗರಗಸ ನನ್ನ ಎರಡೂ ಕಿವಿ ತಿಂದು ಹಾಕಿದೆ. ನೀನು ಮನೆ ಬಿಡುವಾಗ ಅರ್ಧ ಕೇಳಿಸುತ್ತಿತ್ತು, ಈಗ ಅದೂ ಇಲ್ಲ. ಇನ್ನೊಬ್ಬರ ಬಾಯಿಂದ ಹೇಳಿಸಲು ಮನಸ್ಸಾಗಲಿಲ್ಲ. ಅದಕ್ಕೆ ಪೆನ್ನು ಹಿಡಿದೆ.

ನಿಮ್ಮವ್ವನ ಮಾತು ಮಾತ್ರ ನನಗೆ ತುಟಿ ನೋಡಿದರೆ ತಿಳಿಯುತ್ತಿತ್ತು. ಇಷ್ಟು ವರ್ಷದ ಸಂಸಾರ, ತಿಳಿಯದೆ ಏನು. ಕಡೆಕಡೆಗೆ ಒಂದೇ ಮಾತು ಹಿಡಿದಿದ್ದಳು. "ಮೌನಿ ಮಗಳಿಗಿ ಆಟದ ಮನಿ ಕಳಸು. ಕೂಸು ಹುಟ್ಟಿ ಐದು ವರ್ಷ ಆತು, ಊರ ಮಕ್ಕಳಿಗೆಲ್ಲ ಮಾಡಿ ಕೊಟ್ಟಿ, ನಿನ್ನ ಮೊಮ್ಮಗಳಿಗಿ ಇಲ್ಲ." ನಾನು ತಲೆ ಅಲ್ಲಾಡಿಸಿದೆ. ಆಮೇಲೆಯೇ ಕಣ್ಣು ಮುಚ್ಚಿದಳು.

ಆದ್ದರಿಂದ ಕಳಿಸಿದ್ದೇನೆ. ನಮ್ಮ ಅಂಗಡಿಯ ಆಟದ ಮನೆ ನಿನಗೆ ಹೊಸದಲ್ಲ. ಊರಿನ ಬಾಗಿಲುಗಳಿಗೆ ಕೊಯ್ದು ಉಳಿದ ಬೇವಿನ ತುಂಡು, ತೇಗದ ತುಂಡು. ಗೋಡೆ, ಕಂಬ, ತೊಲೆ, ಬಾಗಿಲು ಎಲ್ಲ ಬಿಡಿಬಿಡಿ. ಮೊಳೆ ಇಲ್ಲ, ಅಂಟು ಇಲ್ಲ, ಒಂದನ್ನೊಂದು ಹಿಡಿದುಕೊಂಡು ನಿಲ್ಲುತ್ತವೆ. ಕುಸುಬಿ ಎಣ್ಣೆ ಒರೆಸಿದ್ದೇನೆ, ಬಣ್ಣ ಹಚ್ಚಿಲ್ಲ. ಮಗು ಬಾಯಿಗೆ ಇಟ್ಟರೂ ಚಿಂತೆಯಿಲ್ಲ.

ಒಂದು ತುಂಡು ಕಡಿಮೆ ಇದೆ, ಹೊಸ್ತಿಲು. ಅದು ನನ್ನ ಬಳಿ ಇದೆ. ಪದ್ಧತಿ ನಿನಗೆ ಗೊತ್ತು. ದೊಡ್ಡ ಮನೆಗೆ ಬಾಗಿಲು ಕೂಡ್ರಿಸುವಾಗ ಮನೆಯ ಯಜಮಾನ ಬಂದು ಹೊಸ್ತಿಲಿಗೆ ಕೈ ಹಚ್ಚುತ್ತಾನೆ. ಆಟದ ಮನೆಗೆ ಮಗುವೇ ಯಜಮಾನ. ಅದು ನಮ್ಮ ಅಂಗಡಿಗೆ ಬಂದು, ತನ್ನ ಕೈಯಾರೆ ಹೊಸ್ತಿಲು ಇಟ್ಟು, ಬಾಯಿ ಸಿಹಿ ಮಾಡಿಕೊಂಡು ಹೋಗಬೇಕು. ನಿನ್ನ ಕೈಯಲ್ಲೂ ಇಡಿಸಿದ್ದೆ. ಬೆಲ್ಲ ಸಾಲದು ಎಂದು ನೀನು ಅತ್ತಿದ್ದೆ.

ಮಗುವನ್ನು ಕರೆದುಕೊಂಡು ಬಾ. ಡಬ್ಬಿಯನ್ನು ಬಳೆ ಮಾರುವ ಇಮಾಮ್ ಬೀ ಕೈಯಲ್ಲಿ ಕೊಟ್ಟಿದ್ದೇನೆ, ಆಕೆ ಮಾಲು ತರಲು ರಾಯಚೂರಿಗೆ ಬರುತ್ತಾಳೆ.

ನಿನ್ನ ಅಪ್ಪ,
ಮಾನಪ್ಪ


ರಾಯಚೂರು
27 ಫೆಬ್ರುವರಿ 2024

ಯಪ್ಪಾ,

ಮೇಲೆ ತೀರ್ಥರೂಪ ಎಂದು ಬರೆದು ಹೊಡೆದು ಹಾಕಿದ್ದೇನೆ, ಕಾಣುತ್ತಿರಬಹುದು.

ನನ್ನ ಅವ್ವ ಸತ್ತದ್ದು ನನಗೆ ಗೊತ್ತಾದದ್ದು ನಿನ್ನ ಪತ್ರದಿಂದಲ್ಲ. ಇಮಾಮ್ ಬೀ ಟೊಂಕದ ಮೇಲೆ ಡಬ್ಬಿ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ನಾನು ನಗುತ್ತಾ "ಬಾ ಖಾಲಾ, ಅವ್ವ ಹೆಂಗದಾಳ?" ಎಂದೆ. ಆಕೆ ಡಬ್ಬಿ ಕೆಳಗಿಟ್ಟು ಅಲ್ಲೇ ಕುಸಿದು ಕೂತು, "ಯವ್ವಾ, ನಿಂಗ ಹೇಳೇ ಇಲ್ಲೇನು?" ಎಂದು ಬಾಯಿಗೆ ಸೆರಗು ಹಚ್ಚಿದಳು. ನನ್ನ ನಗು ಇನ್ನೂ ಮುಖದ ಮೇಲೆಯೇ ಇತ್ತು ಯಪ್ಪಾ. ಅದನ್ನು ನಾನು ಜೀವ ಇರುವವರೆಗೂ ಮರೆಯುವುದಿಲ್ಲ.

ದೇವದುರ್ಗದಿಂದ ರಾಯಚೂರಿಗೆ ಎಷ್ಟು ಬಸ್ಸು! ಸುದ್ದಿ ಕಳಿಸಲು ಒಬ್ಬ ಆಳು ಸಿಗಲಿಲ್ಲವೇ ನಿನಗೆ? ನಾನು ದವಾಖಾನೆಯಲ್ಲಿ ನರ್ಸು. ದಿನಾ ಯಾರದೋ ತಾಯಿಯ ಕಣ್ಣು ಮುಚ್ಚುತ್ತೇನೆ. ನನ್ನ ತಾಯಿಯ ಮುಖಕ್ಕೆ ನನ್ನ ಕೈ ಮುಟ್ಟಲಿಲ್ಲ. ನೀನು ಬೇಕೆಂದೇ ಹೇಳಲಿಲ್ಲ. ನಾನು ಬಂದರೆ ನನ್ನ ಗಂಡ ಶೇಖರನೂ ಬರುತ್ತಾನೆ, ಅವನು ಬಂದರೆ ಹೆಣ ಎತ್ತಲು ನಮ್ಮ ಜಾತಿಯವರು ನಿಲ್ಲುವುದಿಲ್ಲ ಎಂದು ಹೆದರಿದೆ. ಹೌದೋ ಅಲ್ಲವೋ?

ಆಟದ ಮನೆ ಬಂತು. ಅಂಬಿಕಾ ಡಬ್ಬಿಯನ್ನು ಚಾಪೆಯ ಮೇಲೆ ಸುರಿದು, ಊಟ ಬಿಟ್ಟು ಕೂತು ಕಟ್ಟಿದಳು. ಗೋಡೆ ಎರಡು ಸಲ ಬಿತ್ತು, ಮೂರನೆಯ ಸಲ ನಿಂತಿತು. ಬಾಗಿಲ ಕೆಳಗೆ ಬೆರಳು ತೂರಿಸಿ "ಯವ್ವಾ, ಇಲ್ಲಿ ತೂತು ಅದ" ಎಂದಳು. ನಮ್ಮತ್ತೆ ವೆಂಕಮ್ಮ ಬಂದು ನೋಡಿದರು. ಆಮೇಲೆ ಒಂದೇ ಮಾತು ಅಂದರು: "ಹೊಸ್ತಿಲ ತಗದಿಟ್ಕೊಂಡು ಮನಿ ಕಳ್ಸ್ಯಾನ ನಿಮ್ಮಪ್ಪ. ನಮ್ಮಂಥವರು ದಾಟಬಾರದಂತ ಇರಬೇಕು."

ಅಲ್ಲ ಅತ್ತೀ, ಅದು ಪದ್ಧತಿ, ಕರೆಯುವ ಪದ್ಧತಿ ಎಂದು ನಾನು ನಿನ್ನ ಪರವಾಗಿ ಬಾಯಿ ಒಣಗುವ ಹಾಗೆ ಹೇಳಿದೆ. ಶೇಖರ ಪೂರ್ತಿ ಕೇಳಿದ. ಕೇಳಿ, ನಿನ್ನ ಪತ್ರ ತೆಗೆದುಕೊಂಡು ಓದಿದ. "ಪದ್ಧತಿ ಚಲೋ ಅದ ಮೌನಿ. ಆದ್ರ ಇದ್ರಾಗ ನನ್ನ ಹೆಸರು ಎಲ್ಲದ?" ಎಂದ.

ನನಗೆ ಬೇರೆ ಏನೂ ಬೇಡ. ಒಂದು ಸಾಲು ಬರೆ. "ಶೇಖರ, ನೀನೂ ಬಾರಪ್ಪ." ಅಷ್ಟು ಬರೆದರೆ ಮರುದಿನವೇ ಮೊದಲ ಬಸ್ಸಿಗೆ ಮೂವರೂ ಬರುತ್ತೇವೆ.

ನಿನ್ನ ಮಗಳು,
ಮೌನಿ


ದೇವದುರ್ಗ
10 ಏಪ್ರಿಲ್ 2024

ಮೌನೇಶ್ವರಿಗೆ,

ಯುಗಾದಿ ಆಯಿತು. ಬೇವು ಮಾತ್ರ ತಿಂದೆ. ಬೆಲ್ಲ ಕಲಸಿ ಕೊಡುವವಳು ಇಲ್ಲ.

ನಿನ್ನ ಪತ್ರ ಓದಿದೆ. ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಎಂದು ಮಗಳಿಂದ ಪಾಠ ಹೇಳಿಸಿಕೊಳ್ಳುವ ವಯಸ್ಸು ನನ್ನದಲ್ಲ. ನೀ ಆರಾಮ ಹೇಳ್ತಿ. ನೀ ಅಲ್ಲಿ ರಾಯಚೂರಾಗ ಇದ್ದೀ. ನಾ ಇಲ್ಲಿ ಇದೇ ಓಣ್ಯಾಗ ಬದುಕಬೇಕು. ನಾ ಬಾಗಿಲ ಕೂಡ್ರಸಾಂವ. ಮಂದಿ ಮನಿ ಹೊಸ್ತಿಲಿಗೆ ಮೊದಲ ಕೈ ನಂದು. ನಾಳಿ ನಾ ಯಾರನ್ನ ಒಳಗ ಕರಕೊಂಡೆ ಅಂತ ತಿಳಿದ್ರ, ಒಬ್ಬನಾದರೂ ನನ್ನ ಕೈಲೆ ಹೊಸ್ತಿಲ ಮುಟ್ಟಿಸ್ತಾನೇನು? ಹುಚ್ಚಿ!

ಸಿಟ್ಟಿನಲ್ಲಿ ಬರೆದೆ. ಹೊಡೆದು ಹಾಕುವುದಿಲ್ಲ, ಇರಲಿ.

ಒಂದು ದಾರಿ ಯೋಚಿಸಿದ್ದೇನೆ. ಗಬ್ಬೂರು ಬಸ್‌ಸ್ಟ್ಯಾಂಡು ಯಾರ ಅಪ್ಪನದೂ ಅಲ್ಲ. ನೀವು ಅಲ್ಲಿಗೆ ಬನ್ನಿ, ಯಾರ್ಯಾರು ಬರುತ್ತೀರೋ ಬನ್ನಿ, ನಾನು ಕೇಳುವುದಿಲ್ಲ. ನಾನು ಹೊಸ್ತಿಲು ತರುತ್ತೇನೆ, ಬೆಲ್ಲವನ್ನೂ ತರುತ್ತೇನೆ. ಕಲ್ಲುಬೆಂಚಿನ ಮೇಲೆ ಮನೆ ಕಟ್ಟಿದರಾಯಿತು, ಮಗು ಅಲ್ಲೇ ಇಡಲಿ. ನಿಮ್ಮವ್ವನಿಗೆ ಕೊಟ್ಟ ಮಾತು ಅಲ್ಲಿಗೆ ತೀರುತ್ತದೆ.

ಮಗುವಿನ ಕೈ ಎಷ್ಟು ದೊಡ್ಡದು? ಕಾಗದದ ಮೇಲೆ ಅಂಗೈ ಇಡಿಸಿ ಸುತ್ತ ಗೆರೆ ಎಳೆದು ಕಳಿಸು. ಹಿಡಿಯಲು ದಪ್ಪ ಆಗುವಂತಿದ್ದರೆ ಅಂಚು ತಗ್ಗಿಸಬೇಕು. ಬೇವು ಗಡಸು ಕಟ್ಟಿಗೆ, ಎಳೆ ಬೆರಳಿಗೆ ಒತ್ತುತ್ತದೆ.

ಮಾನಪ್ಪ


ರಾಯಚೂರು
5 ಮೇ 2024

ಯಪ್ಪಾ,

ಬಸ್‌ಸ್ಟ್ಯಾಂಡಿನಲ್ಲಿ ಹೊಸ್ತಿಲು ಕೂಡ್ರಿಸಿದ್ದನ್ನು ನೀನು ಎಲ್ಲಿಯಾದರೂ ಕಂಡಿದ್ದೀಯಾ? ನಿನ್ನ ಅಜ್ಜ ಕೇಳಿದ್ದರೆ ಕಟ್ಟಿಗೆ ಕೆತ್ತುವ ಬಾಚಿ ಹಿಡಿದು ಅಟ್ಟಿಸಿಕೊಂಡು ಬರುತ್ತಿದ್ದ. ಅದು ಹೋಗುವವರ ಜಾಗ. ನನ್ನ ಮಗಳು ಅಲ್ಲಿ ನಿಂತು ಮನೆಗೆ ಹೊಸ್ತಿಲು ಇಡುವುದಿಲ್ಲ.

ನಿನಗೆ ಒಂದು ಮಾತು ಹೇಳಲೇ? ನೀನು ಸಿಟ್ಟಿಗೆದ್ದಾಗ ಮಾತ್ರ ನಿನ್ನ ಪತ್ರ ನಿನ್ನ ಹಾಗೆ ಮಾತಾಡುತ್ತದೆ. ಆ ನಾಲ್ಕು ಸಾಲನ್ನು ಓದುವಾಗ ನಿನ್ನ ಧ್ವನಿ ಕೇಳಿಸಿ, ಬೈಗುಳ ಎಂದು ಗೊತ್ತಿದ್ದರೂ ಇನ್ನೊಮ್ಮೆ ಓದಿದೆ. ಅಳು ಬಂತು. ನಿನ್ನ ಮೇಲೆ ಇಷ್ಟು ಸಿಟ್ಟಿದೆ, ಆದರೂ ನಿನ್ನ ಅಂಗಡಿಯ ಕಟ್ಟಿಗೆ ಹೊಟ್ಟಿನ ವಾಸನೆ ಬೇಕು ಅನಿಸುತ್ತದೆ. ಆ ಡಬ್ಬಿಯನ್ನು ಮೂಸಿ ನೋಡುತ್ತೇನೆ, ಯಾರೂ ಇಲ್ಲದಾಗ.

ನೀನು ಕರೆಯಲಾರೆ. ಸರಿ. ನಾವು ಕರೆಯುತ್ತೇವೆ, ನೀನೇ ಬಾ. ನಿಮ್ಮ ಓಣಿಯವರು ಯಾರೂ ಇಲ್ಲಿಲ್ಲ. ನಮ್ಮ ಮಾವ ತಾಯಣ್ಣ, ಈ ಕಡೆಯ ಗುಡ್ಡದಲ್ಲಿ ಕಲ್ಲು ಒಡೆದು ಶೇಖರನನ್ನು ಮಾಸ್ತರ ಮಾಡಿದವರು, ಅವರೇ ಹೇಳಿದರು: "ಬೀಗರು ಹಿರಿಯರು. ಅವರ ಕಾಲು ಅಲ್ಲಿ ಕಟ್ಟ್ಯಾವ. ಇಲ್ಲಿಗಿ ಬರ್ಲಿ, ನಾ ಹೊಸ ಧೋತ್ರ ಉಟ್ಕೊಂಡು ಬಾಗಿಲಾಗ ನಿಂದರ್ತೀನಿ." ನಾನು ನಕ್ಕೆ. ಅವರು ನಗಲಿಲ್ಲ, ಧೋತರ ನಿಜವಾಗಿಯೂ ತಂದಿಟ್ಟಿದ್ದಾರೆ.

ಭಾನುವಾರ ಬಾ. ಶೇಖರನಿಗೆ ಮಾನ್ವಿಯ ಶಾಲೆ ಇರುವುದಿಲ್ಲ, ನನಗೂ ರಜೆ. ತೀನ್ ಕಂದೀಲಿನ ಹತ್ತಿರ ಇಳಿದು ಈ ಪತ್ರದ ಹಿಂದಿನ ವಿಳಾಸ ಆಟೋದವನಿಗೆ ತೋರಿಸಿದರೆ ಸಾಕು, ಮಾತಾಡುವ ಕೆಲಸವಿಲ್ಲ. ಅಂಬಿಕಾಗೆ ಹೇಳಿದ್ದೇನೆ, ಹೊಸ್ತಿಲ ತಾತ ಬರ್ತಾನ ಎಂದು. ಆಟದ ಮನೆಯನ್ನು ದಿನಾ ಸಂಜೆ ಅಂಗಳದಲ್ಲಿ ಕಟ್ಟಿ ಇಡುತ್ತಾಳೆ.

ಅಂಗೈ ಗೆರೆ ಎಳೆದು ಕಳಿಸಿದ್ದೇನೆ. ಸಣ್ಣದು ಆಕೆಯದು. ಪಕ್ಕದ ದೊಡ್ಡದು "ಅಪ್ಪಂದೂ ಇರ್ಲಿ" ಎಂದು ಆಕೆಯೇ ಹಟ ಮಾಡಿ ಎಳೆದದ್ದು. ನಾನು ಹೇಳಿ ಮಾಡಿಸಿದ್ದಲ್ಲ.

ಮೌನಿ


ದೇವದುರ್ಗ
22 ಮೇ 2024

ಮೌನೇಶ್ವರಿಗೆ,

ಕಾಗದ ಮುಟ್ಟಿತು. ಸಣ್ಣ ಕೈ ನೋಡಿ ಅಂಚು ತಗ್ಗಿಸಿದೆ, ಮತ್ತೊಮ್ಮೆ ಎಣ್ಣೆ ಒರೆಸಿದೆ. ದೊಡ್ಡ ಕೈಯ ಬಗ್ಗೆ ಏನೂ ಹೇಳುವುದಿಲ್ಲ. ಕಾಗದವನ್ನು ಕತ್ತರಿಸಿಲ್ಲ, ಹಾಗೆಯೇ ಗೋಡೆಗೆ ಹಚ್ಚಿದ್ದೇನೆ.

ಕಾರಹುಣ್ಣಿಮೆ ಮುಗಿಯಲಿ. ಬರುತ್ತೇನೆ.

ಮಾನಪ್ಪ


ರಾಯಚೂರು
8 ಜುಲೈ 2024

ಯಪ್ಪಾ,

ಕಾರಹುಣ್ಣಿಮೆ ಮುಗಿದು ಎಷ್ಟು ಭಾನುವಾರ ಹೋದವು? ನಿನ್ನೆಯೂ ಹೋಳಿಗೆ ಮಾಡಿದ್ದೆ. ಮಾವ ಧೋತರ ಉಟ್ಟು ಮಧ್ಯಾಹ್ನದವರೆಗೆ ಕಟ್ಟೆಯ ಮೇಲೆ ಕೂತಿದ್ದರು. ಆಮೇಲೆ ಏನೂ ಅನ್ನದೆ ಬಿಚ್ಚಿ ಮಡಿಸಿ ಇಟ್ಟರು. ಅವರು ಏನಾದರೂ ಅಂದಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಆರಾಮ ಇದ್ದೀ ತಾನೇ? ಅಷ್ಟನ್ನಾದರೂ ಬರೆ.

ಮೌನಿ


ದೇವದುರ್ಗ
19 ಜುಲೈ 2024

ಮಗಳೇ ಮೌನಿ,

ನಾನು ಬಂದಿದ್ದೆ. ನಿಮ್ಮ ಮಾವ ಹೇಳಿರುತ್ತಾರೆ. ಆದರೂ ನನ್ನ ಕೈಯಿಂದ ಬರೆಯಬೇಕು.

ನೀನು ಭಾನುವಾರ ಎಂದಿದ್ದೆ, ನಾನು ಗುರುವಾರ ಬಂದೆ. ಬೇಕೆಂದೇ ಬಂದೆ. ಎಲ್ಲರೂ ಒಟ್ಟಿಗೆ ಬಾಗಿಲಲ್ಲಿ ನಿಂತಿದ್ದರೆ ನನ್ನಿಂದ ತಡೆಯಲಾಗುವುದಿಲ್ಲ ಎಂದು ಹೆದರಿಕೆ. ನೀನು ಒಬ್ಬಳೇ ಇದ್ದರೆ ನಿನ್ನ ಕೈಗೆ ಕೊಟ್ಟು, ಮಗುವನ್ನು ನೋಡಿ, ಹಾಗೆ ಬಂದುಬಿಡೋಣ ಎಂದುಕೊಂಡಿದ್ದೆ. ನೀನು ದವಾಖಾನೆಗೆ ಹೋಗಿದ್ದೆ.

ಅಂಗಳದಲ್ಲಿ ನನ್ನ ಮನೆ ನಿಂತಿತ್ತು. ಗೋಡೆ ಸರಿಯಾಗಿತ್ತು, ತೊಲೆ ಸರಿಯಾಗಿತ್ತು. ಮಗು ನಿಮ್ಮವ್ವನ ಹಾಗೆಯೇ ಒಂದು ಕಾಲು ಮಡಚಿ ಒಂದು ಕಾಲು ಚಾಚಿ ಕೂತಿತ್ತು. ನಾಲ್ಕು ಹೆಜ್ಜೆ ಇಟ್ಟು ಹತ್ತಿರ ಬಂದೆ. ಬಾಗಿಲ ಕೆಳಗೆ ನೋಡಿದೆ. ಹೊಸ್ತಿಲಿನ ಜಾಗದಲ್ಲಿ ಕರಿಕಲ್ಲು ಕೂತಿತ್ತು. ನಿಮ್ಮ ಮಾವನ ಕೈಕೆಲಸ ಎಂದು ಕೇಳದೆಯೇ ತಿಳಿಯಿತು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿ ಕೂತಿತ್ತು. ಒಂದು ಕೂದಲು ತೂರುವಷ್ಟೂ ಸಂದಿಲ್ಲ.

ನನ್ನ ಕಿಸೆಯಲ್ಲಿ ನನ್ನ ತುಂಡು ಇತ್ತು. ಇನ್ನು ಇದು ಯಾಕೆ ಅನಿಸಿತು.

ನಿಮ್ಮ ಮಾವ ನನ್ನನ್ನು ಕಂಡು ಎದ್ದರು. ಹಳೆಯ ಲುಂಗಿಯಲ್ಲಿದ್ದರು, ಅದಕ್ಕೆ ನಾಚಿಕೊಂಡರು. ಎರಡೂ ಕೈ ಚಾಚಿದರು. ಬರ್ರಿ ಅನ್ನುವುದಕ್ಕೆ ಕಿವಿ ಬೇಕಾಗಿಲ್ಲ. ಬಾಗಿಲು ತೆರೆದೇ ಇತ್ತು, ಒಳಗೆ ಬುದ್ಧನ ಫೋಟೋ, ಅದರ ಕೆಳಗೆ ನೀರಿನ ಕೊಡ ಕಾಣುತ್ತಿತ್ತು. ಬಾಯಿ ಒಣಗಿತ್ತು ಮೌನಿ, ನೀರು ಬೇಕಾಗಿತ್ತು. ಆದರೆ ಕಾಲು ಏಳಲಿಲ್ಲ. ಇಡೀ ಜನ್ಮ ಮಂದಿಯ ಹೊಸ್ತಿಲು ಕೂಡ್ರಿಸಿದ ಕೈ ಇದು. ಆ ಒಂದು ಹೊಸ್ತಿಲು ದಾಟಲು ಆಗಲಿಲ್ಲ. ನಿಮ್ಮವ್ವ ಇದ್ದಿದ್ದರೆ "ಬಾರೋ ಮಾರಾಯಾ, ಸಾಕು ನಿನ್ನ ಡೌಲು" ಎಂದು ರಟ್ಟೆ ಹಿಡಿದು ಎಳೆದುಕೊಂಡು ಒಳಗೆ ಹೋಗುತ್ತಿದ್ದಳು. ನನ್ನನ್ನು ಎಳೆಯುವವರು ಯಾರೂ ಇಲ್ಲ ಈಗ.

ತುಂಡನ್ನು ಕಟ್ಟೆಯ ಮೇಲೆ ಇಟ್ಟು ತಿರುಗಿದೆ. ಹಿಂದೆ ನೋಡಲಿಲ್ಲ. ಗಬ್ಬೂರು ಬರುವವರೆಗೆ ಬಸ್ಸಿನ ಕಿಟಕಿಗೆ ಮುಖ ಹಚ್ಚಿ ಅತ್ತೆ. ಪಕ್ಕದವನು ಏನೋ ಕೇಳುತ್ತಿದ್ದ.

ಒಂದು ಕೇಳಬೇಕು. ನಾನು ಕಲ್ಲು ನೋಡುತ್ತಾ ನಿಂತಾಗ ಮಗು ಮುಖ ಎತ್ತಿ ನನಗೆ ಏನೋ ಹೇಳಿತು. ತುಟಿ ಆಡಿದ್ದು ಕಂಡೆ. ತುಟಿ ನೋಡಿ ತಿಳಿಯಲು ಆ ಮುಖ ನನಗೆ ರೂಢಿಯಿಲ್ಲ. ಏನು ಹೇಳಿತು? ನಿಮ್ಮ ಮಾವನನ್ನು ಕೇಳಿ ಬರೆ. ಅದೊಂದು ಗೊತ್ತಾಗದೆ ಉಳಿ ಹಿಡಿಯಲು ಆಗುತ್ತಿಲ್ಲ.

ಅಪ್ಪ


ರಾಯಚೂರು
4 ಆಗಸ್ಟ್ 2024

ಯಪ್ಪಾ,

ಬರೆಯಬಾರದು ಎಂದುಕೊಂಡಿದ್ದೆ. ಗೊತ್ತಾಗದೆ ಇರಲಿ, ಹಾಗೆಯೇ ಇರಲಿ ಎಂದು ಇಷ್ಟು ದಿನ ಸುಮ್ಮನಿದ್ದೆ. ಅವ್ವ ನನ್ನ ಜಾಗದಲ್ಲಿ ಇದ್ದಿದ್ದರೆ ಬರೆಯುತ್ತಿದ್ದಳು ಅನಿಸಿತು. ಅದಕ್ಕೆ ಬರೆಯುತ್ತಿದ್ದೇನೆ.

ಅಂಬಿಕಾ ನಿನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು. ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿರುತ್ತಾನೆ ಎಂದು ನಾನು ಹೇಳಿದ್ದೆ, ನೀನು ಅದನ್ನು ಊರಲ್ಲಿ ಬಿಟ್ಟು ಬಂದಿರಲಿಲ್ಲ. ಆಕೆ ಅಂದದ್ದು ಇಷ್ಟು: "ತಾತಾ, ಹೊಸ್ತಿಲ ತಂದೀಯೇನು? ತಡಿ, ಈ ಕಲ್ಲ ತಗೀತೀನಿ. ಇದು ನೀ ಬರೂತನಕ ಅಂತ ಇಟ್ಟಿದ್ದು."

ಆ ಕಲ್ಲನ್ನು ಮಾವ ಮಾಡಿಕೊಟ್ಟದ್ದು ತೂತಿನೊಳಗೆ ಇರುವೆ ಹೋಗುತ್ತವೆ ಎಂದು ಆಕೆ ಅತ್ತಿದ್ದಕ್ಕೆ. "ಇದು ತಾತನ ಜಾಗ, ನಾ ಕಾಯಾಕತ್ತೀನಿ ಅಷ್ಟ, ಆಂವ ಬಂದ ಕೂಡ್ಲೇ ಬಿಟ್ಟುಕೊಡಬೇಕು" ಎಂದು ಹೇಳಿಯೇ ಕೊಟ್ಟಿದ್ದರು. ನೀನು ಅದನ್ನು ನೋಡಿ ಜಾಗ ಹೋಯಿತು ಎಂದುಕೊಂಡೆ.

ಆಕೆ ಬಗ್ಗಿ ಕಲ್ಲು ಕೀಳುತ್ತಿದ್ದಳು. ಮಾವನ ಕೈಕೆಲಸ, ಸುಲಭಕ್ಕೆ ಬರಲಿಲ್ಲ. ಎಳೆದ ರಭಸಕ್ಕೆ ಬಾಗಿಲು ಬಿತ್ತು, ಗೋಡೆ ಬಿತ್ತು, ಕಲ್ಲು ಕೈಗೆ ಬಂತು. "ತಗದೆ ತಾತಾ!" ಎಂದು ತಲೆ ಎತ್ತಿದಾಗ ನೀನು ಓಣಿಯ ತಿರುವಿನಲ್ಲಿದ್ದೆ. ಮಾವ ಕೂಗಿದರು. ಮೊಣಕಾಲು ನೋವಿನಲ್ಲಿ ಓಡಲು ಹೋಗಿ ಕಟ್ಟೆ ಹಿಡಿದು ನಿಂತರು. ಕೂಗಿದ್ದು ಕೇಳಿಸಲಿಲ್ಲ, ಅದಕ್ಕೆ ನಿನ್ನನ್ನು ಏನೂ ಅನ್ನುವುದಿಲ್ಲ. ಚಾಚಿದ ಕೈ ಕಂಡಿತ್ತಲ್ಲ ಯಪ್ಪಾ. ನೀನೇ ಬರೆದಿದ್ದೀ, ಅದಕ್ಕೆ ಕಿವಿ ಬೇಕಾಗಿಲ್ಲ ಎಂದು.

ನಾನು ಡ್ಯೂಟಿ ಮುಗಿಸಿ ಬಂದಾಗ ಆಕೆ ಬಿದ್ದ ಮನೆಯ ಮುಂದೆ ಕಲ್ಲು ಹಿಡಿದುಕೊಂಡು ಕೂತಿದ್ದಳು. ಅಳುತ್ತಿರಲಿಲ್ಲ. "ನಾ ಏನ್ ತಪ್ಪ ಮಾಡಿದೆ?" ಎಂದು ಕೇಳಿದಳು. ಐದು ವರ್ಷದ ಕೂಸು. ಶೇಖರ ಅಂಥ ಗಟ್ಟಿ ಮನುಷ್ಯ, ಎದ್ದು ಹಿತ್ತಿಲಿಗೆ ಹೋದ. ನೀನು ನನಗೆ ಏನು ಮಾಡಿದರೂ ತಡೆದುಕೊಂಡೆ. ಆ ಪ್ರಶ್ನೆಯನ್ನು ಆಕೆ ಕೇಳುವ ಹಾಗೆ ಮಾಡಿದೆಯಲ್ಲ, ಅದನ್ನು ನನ್ನಿಂದ ತಡೆದುಕೊಳ್ಳಲು ಆಗುತ್ತಿಲ್ಲ.

ಮರುದಿನ ಮನೆಯನ್ನು ಮತ್ತೆ ಕಟ್ಟಿದೆವು. ನಾನು ನಿನ್ನ ಹೊಸ್ತಿಲು ತೆಗೆದುಕೊಂಡು ಜಾಗದಲ್ಲಿ ಇಡಲು ಹೋದೆ. "ಬ್ಯಾಡ" ಎಂದು ನನ್ನ ಕೈ ಹಿಡಿದಳು. ಕಲ್ಲನ್ನೇ ಮತ್ತೆ ಕೂಡ್ರಿಸಿದಳು. ನಿನ್ನ ತುಂಡನ್ನು ಬಾಗಿಲಿನಿಂದ ಹೊರಗೆ, ಗೋಡೆಗೆ ಹಚ್ಚಿ ಉದ್ದಕ್ಕೆ ಇಟ್ಟಳು.

"ಇದೇನವ್ವಾ?" ಎಂದೆ.

"ಕಟ್ಟಿ. ಆ ತಾತ ಒಳಗ ಬರೂದಿಲ್ಲಲ್ಲ, ಹೊರಗರೆ ಕೂಡ್ಲಿ" ಎಂದಳು.

ಇನ್ನು ನಾನು ಕರೆಯುವುದಿಲ್ಲ ಯಪ್ಪಾ. ಕರೆದೂ ಕರೆದೂ ಈ ಮನೆಯವರ ಮುಖ ನೋಡಲು ನನಗೆ ನಾಚಿಕೆ. ಮಾವ ಆ ಧೋತರವನ್ನು ಟ್ರಂಕಿನ ತಳಕ್ಕೆ ಹಾಕಿದ್ದಾರೆ. ನಿನ್ನ ಮೇಲೆ ಸಿಟ್ಟೂ ಉಳಿದಿಲ್ಲ. ಉಳಿದಿದ್ದರೆ ಚೆನ್ನಾಗಿತ್ತು. ಮಾತ್ರೆ ತಪ್ಪದೆ ತೆಗೆದುಕೋ. ಮಳೆಗಾಲ, ಬರಿಗಾಲಲ್ಲಿ ಅಂಗಡಿಯಲ್ಲಿ ಓಡಾಡಬೇಡ.

ಆಕೆ ದಿನಾ ಸಂಜೆ ಆಟ ಮುಗಿಸಿ ತೊಲೆ, ಕಂಬ, ಗೋಡೆ, ಕಲ್ಲು ಎಲ್ಲವನ್ನೂ ಡಬ್ಬಿಗೆ ತುಂಬುತ್ತಾಳೆ. ಆ ಕಟ್ಟೆಯನ್ನು ಮಾತ್ರ ಅಂಗಳದಲ್ಲೇ ಬಿಡುತ್ತಾಳೆ. ಮಳೆಗೆ ನೆನೆಯುತ್ತದೆ ಒಳಗೆ ತಾ ಎಂದರೆ ಕೇಳುವುದಿಲ್ಲ. ನಾವು ಮಲಗಿದಾಗ ನೀನು ಬಂದರೆ ಎಲ್ಲಿ ಕೂಡಬೇಕು ಎನ್ನುತ್ತಾಳೆ.

ಮೌನಿ